ನೀಟ್ ಪತ್ರಿಕೆ ಕಾಸರಗೋಡಿನಲ್ಲೂ ಕನ್ನಡದಲ್ಲಿ ಸಿಗಲಿ: ಸಂಸದರಿಗೆ ಬಹಿರಂಗ ಪತ್ರ

ಕಾಸರಗೋಡು ಲೋಕಸಭಾ ಕ್ಷೇತ್ರದ ಮಾನ್ಯ ಸದಸ್ಯರಿಗೆ,

ನಮಸ್ಕಾರ.

ಡಾಕ್ಟರ್ ಓದಬೇಕೆಂದರೆ ನೀಟ್ ಬರೆಯಲೇಬೇಕು. ಅದರ ಪ್ರಶ್ನೆಪತ್ರಿಕೆ 13 ಭಾಷೆಗಳಲ್ಲಿ ಬರುತ್ತದೆ, ಕನ್ನಡದಲ್ಲೂ ಬರುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಪರೀಕ್ಷೆಯ ಮಾಹಿತಿ ಪುಸ್ತಕದ ಒಳಗೆ ಒಂದು ಪಟ್ಟಿ ಇರುತ್ತದೆ: ಯಾವ ಭಾಷೆಯ ಪತ್ರಿಕೆ ಯಾವ ರಾಜ್ಯದ ಕೇಂದ್ರಗಳಲ್ಲಿ ಸಿಗುತ್ತದೆ ಅಂತ. ಅದನ್ನು ಓದುವವರು ಕಡಿಮೆ. ಮಲಯಾಳದ ಎದುರು ಕೇರಳ, ಲಕ್ಷದ್ವೀಪ ಎಂದಿದೆ. ಕನ್ನಡದ ಎದುರು ಕರ್ನಾಟಕ ಮಾತ್ರ.

ಅಂದರೆ ಕಾಸರಗೋಡಿನ ಕೇಂದ್ರದಲ್ಲಿ ಕೂತು ಬರೆಯುವ ನಮ್ಮ ಹುಡುಗಿಗೆ ಕನ್ನಡ ಪತ್ರಿಕೆ ಇಲ್ಲ. ಪಕ್ಕದ ಬೆಂಚಿನವಳು ಮಲಯಾಳ ಕೇಳಿದರೆ ಇದೆ. ಉರ್ದು ಬೇಕೆಂದರೂ ಇದೆ, ಯಾಕೆಂದರೆ ಉರ್ದುವಿಗೆ ದೇಶದ ಎಲ್ಲ ಕೇಂದ್ರಗಳಲ್ಲೂ ಅವಕಾಶ ಕೊಟ್ಟಿದ್ದಾರೆ. ಅದು ಸರಿಯೇ, ನನಗೇನೂ ತಕರಾರಿಲ್ಲ. ತಮಿಳು ಪತ್ರಿಕೆ ಪುದುಚೇರಿಯಲ್ಲೂ ಅಂಡಮಾನಿನಲ್ಲೂ ಸಿಗುತ್ತದೆ. ಅಂಡಮಾನಿಗೆ ಹಡಗು ದಾಟಿಸಿ ಕಳಿಸಲು ಆಗುತ್ತದೆ, ತಲಪಾಡಿ ಗಡಿ ದಾಟಿಸಲು ಆಗುವುದಿಲ್ವಾ?

ನಾನು ಬದಿಯಡ್ಕ ಕಡೆ ಪಾಠ ಮಾಡುವ ಮಾಷ್ಟ್ರು. ಈ ವಿಷಯ ಎತ್ತಿದಾಗಲೆಲ್ಲ ಒಂದೇ ಮಾತು ಬರುತ್ತದೆ: ಪ್ಲಸ್ ಟುವಿನಲ್ಲಿ ವಿಜ್ಞಾನದ ಪುಸ್ತಕ ಇಂಗ್ಲಿಷಿನಲ್ಲೇ ಇದೆಯಲ್ಲ, ಪರೀಕ್ಷೆಗೆ ಮಾತ್ರ ಕನ್ನಡ ಯಾಕೆ ಅಂತ. ಪುಸ್ತಕ ಇಂಗ್ಲಿಷಿನದ್ದು, ನಿಜ. ಆದರೆ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವಳು ಎರಡೇ ವರ್ಷದಲ್ಲಿ ಇಂಗ್ಲಿಷ್ ವಾಕ್ಯವನ್ನು ಸರಸರ ಬಿಡಿಸುವುದು ಸುಲಭವಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಮೂತ್ರಪಿಂಡದ ಪಾಠದಲ್ಲಿ ಹೆನ್ಲೆಯ ಕುಣಿಕೆ ಬರುತ್ತದೆ, ಇಳಿದು ಮತ್ತೆ ಮೇಲೇರುವ U ಆಕಾರದ ಸಣ್ಣ ನಾಳ ಅದು. ಇಳಿಯುವ ಕಡೆ ನೀರು ಹೊರಗೆ ಹೋಗುತ್ತದೆ, ಲವಣ ಹೋಗುವುದಿಲ್ಲ ಎನ್ನಬಹುದು. ಏರುವ ಕಡೆ ಅದರ ಉಲ್ಟಾ. ಬೋರ್ಡಿನಲ್ಲಿ ಚಿತ್ರ ಬರೆದು ಕೇಳಿದರೆ ಹಿಂದಿನ ಬೆಂಚಿನವನೂ ಹೇಳುತ್ತಾನೆ. ಅದನ್ನೇ ಇಂಗ್ಲಿಷಿನಲ್ಲಿ ನಾಲ್ಕು ಹೇಳಿಕೆ ಮಾಡಿ, ಎರಡರಲ್ಲಿ 'ಹಾಯುವುದಿಲ್ಲ' ಅಂತ ಸೇರಿಸಿ, ಕೊನೆಗೆ 'ಇವುಗಳಲ್ಲಿ ಸರಿಯಲ್ಲದ್ದು ಯಾವುದು' ಅಂತ ಕೇಳಿ. ವಿಷಯ ಗೊತ್ತಿದ್ದವರೂ ಅಲ್ಲಿ ಎಡವುತ್ತಾರೆ. ನೀಟ್‌ನಲ್ಲಿ 180 ಪ್ರಶ್ನೆ, 180 ನಿಮಿಷ. ಮತ್ತೊಮ್ಮೆ ಓದಲು ಪುರುಸೊತ್ತಿಲ್ಲ. ಸರಿಯಾದರೆ ನಾಲ್ಕು ಅಂಕ, ತಪ್ಪಾದರೆ ಒಂದು ಅಂಕ ಕಡಿತ. ಗೊತ್ತಿದ್ದ ಪ್ರಶ್ನೆಯನ್ನು ಓದುವಾಗ ಎಡವಿದರೆ ಐದು ಅಂಕದ ಪೆಟ್ಟು. ರ‍್ಯಾಂಕ್ ಎಷ್ಟು ಕೆಳಗೆ ಹೋಗುತ್ತದೆ ಅಂತ ನೀಟ್ ಬರೆದ ಮಕ್ಕಳ ಮನೆಯವರನ್ನು ಕೇಳಿ.

ಕನ್ನಡ ಆಯ್ಕೆ ಮಾಡಿದವರಿಗೆ ಸಿಗುವುದು ಎರಡೂ ಭಾಷೆ ಇರುವ ಪತ್ರಿಕೆ. ಪಾರಿಭಾಷಿಕ ಪದ ಇಂಗ್ಲಿಷಿನಲ್ಲಿ ನೋಡಬಹುದು, ವಾಕ್ಯ ಕನ್ನಡದಲ್ಲಿ ಓದಬಹುದು. ಅನುವಾದದಲ್ಲಿ ಗೊಂದಲ ಇದ್ದರೆ ಇಂಗ್ಲಿಷೇ ಅಂತಿಮ ಎಂಬ ನಿಯಮವೂ ಇದೆ. ಹಾಗಾಗಿ ಇದರಿಂದ ಯಾರಿಗೂ ನಷ್ಟವಿಲ್ಲ.

ಕನ್ನಡ ಕೇಳುವವರೇ ಇಲ್ಲ ಎಂದು ದೆಹಲಿಯಲ್ಲಿ ನಿಮಗೆ ಹೇಳಬಹುದು. ನಂಬಬೇಡಿ. ಇಲ್ಲಿ ಅರ್ಜಿ ತುಂಬಿಸುವುದು ಹೆಚ್ಚಾಗಿ ಅಕ್ಷಯ ಕೇಂದ್ರಗಳಲ್ಲಿ, ಅಂದರೆ ಕೇರಳದ ಆನ್‌ಲೈನ್ ಸೇವಾ ಕೇಂದ್ರಗಳಲ್ಲಿ. ಹೊರಗೆ ಸಾಲು ಇರುತ್ತದೆ. ಹುಡುಗಿಯ ಅಪ್ಪ ಆಧಾರ್ ಕಾರ್ಡು, ಫೋಟೋ ಹಿಡಿದು ನಿಂತಿರುತ್ತಾರೆ. ಕಂಪ್ಯೂಟರಿನ ಮುಂದೆ ಕೂತವರು ಭಾಷೆಯ ಜಾಗದಲ್ಲಿ ಇಂಗ್ಲಿಷ್ ಒತ್ತಿ ಮುಂದಿನ ಪುಟಕ್ಕೆ ಹೋಗುತ್ತಾರೆ. ಅವರ ತಪ್ಪೇನಿಲ್ಲ, ಕೇರಳದ ಕೇಂದ್ರ ಬೇಕೆಂದರೆ ಕನ್ನಡ ಒತ್ತಿ ಪ್ರಯೋಜನವೇ ಇಲ್ಲವಲ್ಲ! ಹೀಗೆ ಕೇಳಲು ದಾರಿಯೇ ಇಲ್ಲದವರನ್ನು ಕೇಳದವರ ಲೆಕ್ಕಕ್ಕೆ ಸೇರಿಸುತ್ತಾರೆ.

ಮಂಗಳೂರಿಗೆ ಹೋಗಿ ಬರೆಯಲಿ ಅನ್ನುವವರೂ ಇದ್ದಾರೆ. ಮಂಜೇಶ್ವರದವರಿಗೆ ಅದು ಹತ್ತಿರ, ಒಪ್ಪುತ್ತೇನೆ. ಅಡೂರು, ದೇಲಂಪಾಡಿಯ ಮಕ್ಕಳು ಏನು ಮಾಡಬೇಕು? ಪರೀಕ್ಷೆ ಭಾನುವಾರ, ಮಧ್ಯಾಹ್ನ ಒಂದೂವರೆಗೆ ಗೇಟು ಮುಚ್ಚುತ್ತದೆ. ಭಾನುವಾರದ ಬಸ್ಸನ್ನು ನಂಬಿ ಹೊರಡುವುದೋ, ಜೀಪು ಮಾಡುವುದೋ? ಸ್ವಂತ ಜಿಲ್ಲೆಯಲ್ಲೇ ಪರೀಕ್ಷಾ ಕೇಂದ್ರ ಇರುವಾಗ ಭಾಷೆಗಾಗಿ ರಾಜ್ಯ ದಾಟಿಸುವುದು ಸುಮ್ನೆ ಕಿರಿಕಿರಿ.

ಕೇರಳ ಸರ್ಕಾರ ಈ ವಿಷಯದಲ್ಲಿ ಇಷ್ಟು ಬಿಗಿಯಾಗಿಲ್ಲ. ನಮ್ಮ ಮಕ್ಕಳ ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಬರುತ್ತದೆ. ಪಿಎಸ್‌ಸಿ ಕೂಡ ಹತ್ತನೇ ತರಗತಿ ಮಟ್ಟದ ಪರೀಕ್ಷೆಗಳಲ್ಲಿ ಕನ್ನಡ ಪತ್ರಿಕೆ ಕೊಡುತ್ತದೆ. 2021ರಲ್ಲಿ ಮಂಜೇಶ್ವರದ ಶಾಸಕರು ತಿರುವನಂತಪುರದಲ್ಲಿ ಕನ್ನಡದಲ್ಲೇ ಪ್ರಮಾಣವಚನ ತೆಗೆದುಕೊಂಡರು. ಅಡ್ಡಿ ಇರುವುದು ಕೇಂದ್ರದ ಪರೀಕ್ಷಾ ಸಂಸ್ಥೆಯ ಆ ಪಟ್ಟಿಯಲ್ಲಿ. ಅದಕ್ಕೇ ಶಾಸಕರಿಗೆ ಬರೆಯದೆ ನಿಮಗೆ ಬರೆಯುತ್ತಿದ್ದೇನೆ.

ಇನ್ನೊಂದು ವಿಷಯ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸವಾಯಿತು. ಎಂಬಿಬಿಎಸ್‌ಗೆ 50 ಸೀಟು ಮಂಜೂರಾಗಲು 2025 ಬರಬೇಕಾಯಿತು. ಆ ಕಾಲೇಜು ಇರುವ ಜಾಗ ನಿಮಗೆ ಗೊತ್ತು. ಸುತ್ತ ಎಣ್ಮಕಜೆ, ಪೆರ್ಲ, ಬದಿಯಡ್ಕ. ಎಂಡೋಸಲ್ಫಾನ್ ಕೀಟನಾಶಕದಿಂದ ನೊಂದ ಮನೆಗಳು ಈ ಕಡೆ ಎಷ್ಟೋ ಇವೆ. ಅಲ್ಲಿನ ಅಜ್ಜಿಯಂದಿರು ನೋವು ಹೇಳಿಕೊಳ್ಳುವುದು ಕನ್ನಡದಲ್ಲಿ, ತುಳುವಿನಲ್ಲಿ. ಆ 50 ಸೀಟಿನಲ್ಲಿ ನಮ್ಮೂರಿನ ನಾಲ್ಕು ಮಕ್ಕಳಾದರೂ ಕೂರಲಿ ಅನ್ನುವ ಆಸೆ ಜಾಸ್ತಿಯಾಯಿತೇ?

ನೀವು ಮಾಡಬೇಕಾದ್ದು ದೊಡ್ಡದೇನಲ್ಲ. ಮುಂದಿನ ಅರ್ಜಿ ಕರೆಯುವ ಮೊದಲೇ ಕೇಂದ್ರ ಶಿಕ್ಷಣ ಸಚಿವರಿಗೆ ಪತ್ರ ಬರೆಯಿರಿ. ಪಟ್ಟಿಯಲ್ಲಿ ಕನ್ನಡದ ಎದುರು 'ಕಾಸರಗೋಡು ಜಿಲ್ಲೆ' ಅಂತ ಸೇರಿಸಲು ಹೇಳಿ. ಲೋಕಸಭೆಯಲ್ಲಿ ಒಂದು ಪ್ರಶ್ನೆಯನ್ನೂ ಕೇಳಿ, ಉತ್ತರ ಲಿಖಿತವಾಗಿ ಬರಲಿ. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆಯಲ್ಲೂ ಕನ್ನಡ ಶಾಲೆಗಳಿವೆ, ಅಲ್ಲಿನ ಮಕ್ಕಳಿಗೂ ಇದೇ ಪಾಡು. ಅಲ್ಲಿನ ಸಂಸದರನ್ನು ಜೊತೆಗೆ ಸೇರಿಸಿಕೊಂಡರೆ ಮಾತಿಗೆ ತೂಕ ಬರುತ್ತದೆ.

ಪತ್ರ ಬರೆದರೆ ಅದರ ಪ್ರತಿಯೊಂದನ್ನು ನಮಗೂ ಕಳಿಸಿ. ಶಾಲೆಯ ನೋಟಿಸ್ ಬೋರ್ಡಿಗೆ ಹಾಕುತ್ತೇವೆ.

ಇತಿ,
ಬದಿಯಡ್ಕ ಕಡೆಯ ಒಬ್ಬ ಮಾಷ್ಟ್ರು