ಸಿಂಗಾಪುರಕ್ಕೆ ಹೊರಟ ಪುಟ್ಟಿಗೆ ದೊಡ್ಡವ್ವನ ಪತ್ರ

ಚಿ. ಸೌ. ಪುಟ್ಟಿಗೆ,

ಧಾರವಾಡದಿಂದ ನಿನ್ನ ದೊಡ್ಡವ್ವ ಮಾಡುವ ಆಶೀರ್ವಾದ. ಇಲ್ಲಿ ಮೂರು ದಿನದಿಂದ ಜಿಟಿಜಿಟಿ ಮಳೆ, ಹೊರಗೆ ಕಾಲಿಡಲು ಆಗುತ್ತಿಲ್ಲ, ಅದಕ್ಕೇ ಬರೆಯಲು ಕೂತೆ. ದಸರಾ ರಜೆಗೆ ನೀವು ನಾಲ್ಕೂ ಮಂದಿ ಸಿಂಗಾಪುರಕ್ಕೆ ಹೊರಟಿದ್ದೀರಿ ಅಂತ ನಿಮ್ಮವ್ವ ಹೇಳಿದಳು. ಖುಷಿಯಾಯಿತು. ತಯಾರಿ ಎಲ್ಲಿಗೆ ಬಂತು ಅಂತ ಕೇಳಿದರೆ, "ಎಲ್ಲಾ ಏಜೆಂಟ್ ನೋಡ್ಕೊಂತಾನಂತ ಅಕ್ಕಾ" ಅಂದಳು. ಅಲ್ಲೇ ನನಗೆ ಚಿಂತೆ ಶುರುವಾಯಿತು. ಏಜೆಂಟ್ ಟಿಕೆಟ್ ತೆಗೆಸುತ್ತಾನೆ, ಹೋಟೆಲ್ ಗೊತ್ತು ಮಾಡುತ್ತಾನೆ, ವೀಸಾಕ್ಕೂ ಹಾಕುತ್ತಾನೆ, ಸರಿ. ಆದರೆ ನಿನ್ನ ಕಪಾಟಿನೊಳಗೆ ಏನಿದೆ ಅಂತ ಅವನಿಗೆ ಹೇಗೆ ಗೊತ್ತಾಗಬೇಕು?

ಮೊದಲು ಸಣ್ಣಾಂವನ ಪಾಸ್‌ಪೋರ್ಟ್ ತೆಗೆದು ನೋಡು. ನಿಮ್ಮದು ಹತ್ತು ವರ್ಷದ್ದು, ಮಕ್ಕಳದ್ದು ಐದೇ ವರ್ಷ. ನನಗೆ ಸರಿಯಾಗಿ ನೆನಪಿದೆ, ಅವನದನ್ನು ಮಾಡಿಸಿ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಿಂದ ನೀವು ಸೀದಾ ನಮ್ಮ ಮನೆಗೆ ಬಂದಿದ್ದಿರಿ, ಸಂಕ್ರಾಂತಿ ಮುಗಿದು ಎರಡು ದಿನವಾಗಿತ್ತು, ಕೂಸಿನ ಕೈತುಂಬ ಕುಸುರೆಳ್ಳು. ಲೆಕ್ಕ ಹಾಕು, ಬರುವ ಸಂಕ್ರಾಂತಿಗೆ ಐದು ವರ್ಷ ಆಗುತ್ತದೆ. ದಸರಾಕ್ಕೆ ಹೋದರೆ ಇನ್ನೂ ಮೂರು ತಿಂಗಳು ಇರುತ್ತದಲ್ಲ ಅಂತ ನೀನು ಅನ್ನಬಹುದು. ಸಿಂಗಾಪುರದವರು ಆರು ತಿಂಗಳಾದರೂ ಬಾಕಿ ಇರಬೇಕು ಅನ್ನುತ್ತಾರೆ. ಈಗಲೇ ಹೊಸದಕ್ಕೆ ಹಾಕು. ಅರ್ಜಿಗೆ ತಂದೆ ತಾಯಿ ಇಬ್ಬರ ಸಹಿಯೂ ಬೇಕು, ಅಳಿಯಂದಿರು ಡ್ಯೂಟಿ ಮೇಲೆ ಊರೂರು ಸುತ್ತುವವರು, ಊರಲ್ಲಿದ್ದಾಗಲೇ ಹಿಡಿದು ಸಹಿ ಮಾಡಿಸಿಕೋ. ಹೊಸ ಪಾಸ್‌ಪೋರ್ಟಿಗೆ ನಂಬರೂ ಹೊಸದು. ಹಳೇ ನಂಬರನ್ನು ಏಜೆಂಟನಿಗೆ ಕೊಟ್ಟು ಸುಮ್ನೆ ಕೂರಬೇಡ.

ಹೆಸರಿನದೂ ಅಷ್ಟೇ. ನಿಮ್ಮವ್ವನ ಹೆಸರು ಆಧಾರ್‌ನಲ್ಲಿ ಒಂದು ಥರ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಥರ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮೂರನೇ ಥರ ಇದೆ. ಟಿಕೆಟ್ ಮೇಲೆ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಬರಬೇಕು, ಒಂದು ಅಕ್ಷರ ಆಚೆ ಈಚೆ ಆಗಬಾರದು.

ಇನ್ನು ದುಡ್ಡಿನ ವಿಷಯ. ನಗಬೇಡ, ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವಳು ನಾನು, ಆದರೂ ಮಲೇಶಿಯಾದಲ್ಲಿ ನನ್ನದೇ ಮರ್ಯಾದೆ ಹೋಯಿತು. ಹೋಟೆಲಿನಲ್ಲಿ ಡಿಪಾಸಿಟ್ ಕೇಳಿದರು, ಕಾರ್ಡ್ ಕೊಟ್ಟೆ, ನಡೆಯಲಿಲ್ಲ. ಇನ್ನೊಂದು ಕೊಟ್ಟೆ, ಅದೂ ಇಲ್ಲ. 2020ರಿಂದ ರಿಸರ್ವ್ ಬ್ಯಾಂಕ್ ನಿಯಮವೇ ಹಾಗಿದೆ, ಹೊಸ ಕಾರ್ಡು ನಮ್ಮ ದೇಶದೊಳಗೆ ಮಾತ್ರ ನಡೆಯುತ್ತದೆ, ಹೊರದೇಶಕ್ಕೆ ಬೇಕಾದರೆ ನಾವೇ ಚಾಲೂ ಮಾಡಿಕೊಳ್ಳಬೇಕು. ಆಪ್‌ನಲ್ಲಿ ಮಾಡೋಣ ಅಂದರೆ, ನಮ್ಮ ಸಿಮ್ ತೆಗೆದು ಪರ್ಸಿನಲ್ಲಿಟ್ಟು ಅಲ್ಲಿಯ ಸಿಮ್ ಹಾಕಿಸಿದ್ದೆ, ಬ್ಯಾಂಕಿನ ಆಪ್ ಇದ್ದೂ ಇಲ್ಲದ ಹಾಗಾಯಿತು. ಕಡೆಗೆ ತಾಳಿಸರಕ್ಕೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ, ಅದರ ತುದಿಯಿಂದ ಫೋನಿನ ತೂತು ಚುಚ್ಚಿ, ಅವರ ಸಿಮ್ ಹೊರಗೆ, ನಮ್ಮದು ಒಳಗೆ. ನಿಮ್ಮ ದೊಡ್ಡಪ್ಪ ಸೂಟ್‌ಕೇಸಿನ ಮೇಲೆ ಕೂತು ಎಲ್ಲಾ ನೋಡುತ್ತಿದ್ದರು, ಒಂದು ಮಾತೂ ಆಡಲಿಲ್ಲ, ಊರಿಗೆ ಬಂದ ಮೇಲೆ ಮಾತ್ರ ಸಿಕ್ಕಸಿಕ್ಕವರಿಗೆಲ್ಲಾ ಹೇಳಿದರು. ನೀನು ಇಲ್ಲೇ ಕಾರ್ಡ್ ಚಾಲೂ ಮಾಡಿಸಿಕೋ, ನಮ್ಮ ಸಿಮ್ಮಿಗೆ ರೋಮಿಂಗ್ ಹಾಕಿಸಿ ಫೋನಿನಲ್ಲೇ ಬಿಡು, ಓಟಿಪಿ ಬರುವುದು ಅದಕ್ಕೇ ಅಲ್ವಾ. ಅಂಗಡಿಯ ಮಷೀನು ರೂಪಾಯಿಯಲ್ಲಿ ಕೊಡುತ್ತೀರಾ ಅಂತ ಕೇಳಿದರೆ ಬೇಡ ಅನ್ನು, ಅಲ್ಲಿಯ ಡಾಲರಿನಲ್ಲೇ ಕೊಡು. ರೂಪಾಯಿ ಅಂದರೆ ಅವರು ಹೇಳಿದ್ದೇ ರೇಟು, ಜಾಸ್ತಿಯೇ ಹೋಗುತ್ತದೆ.

ಇನ್ನು ಬುತ್ತಿ. ಇಲ್ಲಿ ನೀನು ನನ್ನ ಮಾತು ಕೇಳಲೇಬೇಕು. ನಿಮ್ಮವ್ವ ಈಗಾಗಲೇ ಕರ್ಚಿಕಾಯಿ, ಅನಾರಸದ ಮಾತು ಆಡುತ್ತಿದ್ದಾಳೆ. ಅವಳು ಗಸಗಸೆ ಎಷ್ಟು ಹಾಕುತ್ತಾಳೆ ಅಂತ ನಿನಗೆ ಗೊತ್ತು, ಅನಾರಸದ ಒಂದು ಮೈ ಪೂರ್ತಿ ಗಸಗಸೆಯೇ. ಸಿಂಗಾಪುರದಲ್ಲಿ ಗಸಗಸೆ ಒಯ್ಯುವಂತಿಲ್ಲ, ಅಫೀಮಿನ ಗಿಡದ ಬೀಜ ಅಂತ ಮಾದಕ ವಸ್ತುವಿನ ಲೆಕ್ಕದಲ್ಲಿ ನೋಡುತ್ತಾರೆ, ದುಬೈನಲ್ಲೂ ಇದೇ ಕಥೆ. ನಮಗೆ ಪಾಯಸದ ಸಾಮಾನು, ಅವರಿಗೆ ಪೊಲೀಸ್ ಕೇಸು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ಯಿ, ಚಟ್ನಿಯನ್ನು ಮಾತ್ರ ಕೈಚೀಲದಲ್ಲಿ ಇಡಬೇಡ, ದೊಡ್ಡ ಬ್ಯಾಗಿನಲ್ಲಿ ಹಾಕು. ಇನ್ನೊಂದು, ಹೊರಡುವ ದಿನ ನಿಮ್ಮತ್ತೆ ಉಡಿ ತುಂಬದೆ ಬಿಡುವವರಲ್ಲ. ತುಂಬಿಸಿಕೋ, ಕಣ್ಣಿಗೆ ಒತ್ತಿಕೋ, ಆದರೆ ಆ ಕೊಬ್ಬರಿ ಬಟ್ಟಲನ್ನು ದೇವರ ಮುಂದಿಟ್ಟು ಹೋಗು. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತಾನೇ ಕಾದು ಬೆಂಕಿ ಹತ್ತಬಹುದು ಅಂತ ಚೆಕ್-ಇನ್ ಬ್ಯಾಗಿನಲ್ಲಿ ಬಿಡುವುದಿಲ್ಲ. ಪವರ್ ಬ್ಯಾಂಕಿನದು ಇದೇ ಭಯ, ಅದು ಕೈಚೀಲದಲ್ಲೇ ಇರಬೇಕು. ಅಳಿಯಂದಿರ ಜೇಬನ್ನೂ ಒಮ್ಮೆ ನೋಡು. ಅಗಿಯುವ ತಂಬಾಕು ಅಲ್ಲಿ ನಿಷೇಧ, ಚೂಯಿಂಗ್ ಗಮ್ ಕೂಡ ತರಗೊಡುವುದಿಲ್ಲ. ದೊಡ್ಡವ್ವ ಬರೆದಿದ್ದಾಳೆ ಅಂತ ಮಾತ್ರ ಅವರಿಗೆ ಹೇಳಬೇಡ.

ನಿಮ್ಮವ್ವನ ಬಿಪಿ, ಶುಗರ್ ಗುಳಿಗೆ ಕೈಚೀಲದಲ್ಲಿರಲಿ, ಎರಡು ಮೂರು ದಿನದ್ದು ಜಾಸ್ತಿಯೇ ಇರಲಿ. ಡಾಕ್ಟರ ಹತ್ತಿರ ಚೀಟಿ ಬರೆಸಿಕೋ, ಕಂಪನಿ ಹೆಸರಿನ ಜೊತೆ ಔಷಧದ ಹೆಸರೂ ಇರಬೇಕು, ಓದಲು ಬರುವ ಅಕ್ಷರದಲ್ಲಿ! ನಿದ್ದೆ ಗುಳಿಗೆ ಏನಾದರೂ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಕೇಳಿ ತಿಳಿದುಕೋ, ಕೆಲವಕ್ಕೆ ಅಲ್ಲಿ ಮುಂಚೆಯೇ ಅನುಮತಿ ಬೇಕು. ಪ್ರವಾಸದ ವಿಮೆ ಮಾಡಿಸುವಾಗ ಅವಳ ಶುಗರ್ ಮುಚ್ಚಿಡಬೇಡ. ಪ್ರೀಮಿಯಂ ಉಳಿಯುತ್ತದೆ ಅಂತ ಮುಚ್ಚಿಟ್ಟು, ಆಮೇಲೆ ಕ್ಲೇಮಿಗೆ ಅಲೆದಾಡಿದವರನ್ನು ನಾನು ನೋಡಿದ್ದೇನೆ.

ಸಿಂಗಾಪುರಕ್ಕೆ ಇಳಿಯುವ ಮುಂಚೆ ಅರೈವಲ್ ಕಾರ್ಡ್ ಅಂತ ಆನ್‌ಲೈನ್ ತುಂಬಬೇಕು, ಇಳಿಯುವ ದಿನವೂ ಸೇರಿ ಮೂರು ದಿನದೊಳಗೆ. ಸರಕಾರದ ವೆಬ್‌ಸೈಟಿನಲ್ಲಿ ಅದು ಪುಕ್ಕಟೆ. ದುಡ್ಡು ಕೇಳಿತು ಅಂದರೆ ಬೇರೆ ಯಾರದೋ ಸೈಟಿಗೆ ಹೋಗಿದ್ದೀ ಅಂತ ತಿಳಿ, ಮುಚ್ಚಿ ಹೊರಗೆ ಬಾ.

ಗದಗಿನಿಂದ ಹಿಂದಿನ ದಿನವೇ ಹೊರಟು ಬೆಂಗಳೂರಿನಲ್ಲಿ ಒಂದು ರಾತ್ರಿ ಇರಿ. ರೈಲ್ವೆ ಸ್ಟೇಷನ್ನಿನಿಂದ ವಿಮಾನ ನಿಲ್ದಾಣಕ್ಕೇ ಸುಮಾರು 35 ಕಿಲೋಮೀಟರ್, ಅಲ್ಲಿಯ ಟ್ರಾಫಿಕ್ಕಿನ ಮುಂದೆ ಯಾರ ಲೆಕ್ಕವೂ ನಡೆಯುವುದಿಲ್ಲ. ಹೊರದೇಶದ ವಿಮಾನ ಎಲ್ಲಾ ಎರಡನೇ ಟರ್ಮಿನಲ್‌ನಿಂದ. ಹಳೇ ಸೂಟ್‌ಕೇಸಿನ ಗಾಲಿ ಗಟ್ಟಿ ಇದೆಯೋ ಇಲ್ಲವೋ ಅಂತ ಅನುಮಾನವಿದ್ದರೆ ತುಂಬಿಕೊಂಡು ಹುಬ್ಬಳ್ಳಿಗೆ ಬಾ, ನಮ್ಮ ಸ್ಟೇಷನ್ನಿನ 1507 ಮೀಟರ್ ಪ್ಲಾಟ್‌ಫಾರ್ಮ್ ಮೇಲೆ ಈ ತುದಿಯಿಂದ ಆ ತುದಿಗೆ ಎಳೆದು ನೋಡೋಣ.

ಈ ಪತ್ರ ಓದಿದ ಕೂಡಲೇ ಸಣ್ಣಾಂವನ ಪಾಸ್‌ಪೋರ್ಟ್ ಹುಡುಕಿ, ತಾರೀಖು ನೋಡಿ ನನಗೆ ಫೋನ್ ಮಾಡು. ಒಂಬತ್ತೂವರೆ ತನಕ ಎಚ್ಚರ ಇರುತ್ತೇನೆ.

ಇಂತಿ ನಿನ್ನ
ದೊಡ್ಡವ್ವ