ಒಂದೇ ಲಾರಿಗೆ ಹೋದರೂ

ಪ್ರೀತಿಯ ಮಗಳಿಗೆ,

ನಿನ್ನ ಸೋದರಮಾವನ ಆಶೀರ್ವಾದಗಳು. ನಿನ್ನ ಪತ್ರ ಕೈಸೇರಿ ಐದು ದಿನಗಳಾದವು. ಮನೆಯ ದುರಸ್ತಿ, ಮಕ್ಕಳ ಓದು, ನಿನ್ನ ತಾಯಿಯ ಮಂಡಿನೋವು, ಇವೆಲ್ಲವನ್ನೂ ನಾವು ಮಾತನಾಡಿಕೊಂಡಾಗಿದೆ. ಅವನ್ನು ಇಲ್ಲಿ ಮತ್ತೆ ಎತ್ತುವುದಿಲ್ಲ. ನಾನು ಉತ್ತರ ಬರೆಯಲು ಕುಳಿತದ್ದು ಪತ್ರದ ಕೊನೆಯಲ್ಲಿ, ಜಾಗ ಸಾಲದೆ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ನೀನು ಬರೆದ ನಾಲ್ಕು ಸಾಲುಗಳಿಗಾಗಿ. ಬೆಳಗಿನ ಜಾವ ಕಿಟಕಿಯ ಬಳಿ ನಿಂತಿದ್ದಾಗ, ನೀನು ಬೇರೆ ಬೇರೆಯಾಗಿ ಇಟ್ಟಿದ್ದ ಹಸಿ ಕಸ, ಒಣ ಕಸ, ತೋಟದ ಕಸ ಮೂರನ್ನೂ ಒಂದೇ ಲಾರಿಗೆ ಸುರಿದದ್ದನ್ನು ಕಂಡೆಯೆಂದೂ, "ಹಾಗಾದರೆ ಇಷ್ಟು ವರ್ಷ ನಾನು ಯಾರಿಗಾಗಿ ತೊಳೆದೆ, ಒಣಗಿಸಿದೆ, ಬೇರ್ಪಡಿಸಿದೆ?" ಎಂದೂ ಬರೆದಿದ್ದೀಯ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾರಣವನ್ನು ಮುಂದೆ ಹೇಳುತ್ತೇನೆ.

ನಿನ್ನ ಭಯ ಸುಳ್ಳು ಎಂದು ಹೇಳಿ ನಿನ್ನನ್ನು ಸಮಾಧಾನಪಡಿಸುವುದಿಲ್ಲ. ಅದಕ್ಕೆ ಆಧಾರವಿದೆ. 2015ರವರೆಗೆ ಜಗತ್ತಿನಲ್ಲಿ ಕಸವಾಗಿ ಬಿದ್ದ ಪ್ಲಾಸ್ಟಿಕ್ಕಿನಲ್ಲಿ ಮರುಬಳಕೆಯಾದದ್ದು ನೂರಕ್ಕೆ ಸುಮಾರು 9 ಭಾಗ ಮಾತ್ರ ಎಂದು 2017ರಲ್ಲಿ ವಿಜ್ಞಾನಿಗಳು ಲೆಕ್ಕಹಾಕಿದರು. ನೂರಕ್ಕೆ 79 ಭಾಗ ಕಸದ ಗುಂಡಿಗಳಲ್ಲೋ ಬಯಲಿನಲ್ಲೋ ಉಳಿಯಿತು. 2018ರಲ್ಲಿ ಚೀನಾ ಹೊರದೇಶಗಳ ಹಳೆಯ ಪ್ಲಾಸ್ಟಿಕ್ಕನ್ನೂ ಬೆರಕೆ ಕಾಗದವನ್ನೂ ಕೊಳ್ಳುವುದನ್ನು ನಿಲ್ಲಿಸಿದಾಗ, ಮನೆಮನೆಗಳಲ್ಲಿ ಶ್ರದ್ಧೆಯಿಂದ ವಿಂಗಡಿಸಿಟ್ಟ ಮೂಟೆಗಳಿಗೆ ಕೊಳ್ಳುವವರಿಲ್ಲದೆ, ಹಲವು ಊರುಗಳು ಅವನ್ನು ಹೂಳಿದವು, ಕೆಲವು ಸುಟ್ಟವು. ಬಾಟಲಿಯ ತಳದ ತ್ರಿಕೋನವೂ ಅದರೊಳಗಿನ ಅಂಕಿಯೂ ಮರುಬಳಕೆಯ ಭರವಸೆ ಎಂದು ನಾವೆಲ್ಲ ನಂಬಿದ್ದೆವು. 1988ರಲ್ಲಿ ಪ್ಲಾಸ್ಟಿಕ್ ಉದ್ಯಮವೇ ಆರಂಭಿಸಿದ ಆ ಅಂಕಿ, ವಸ್ತು ಯಾವ ಬಗೆಯ ಪ್ಲಾಸ್ಟಿಕ್ ಎಂಬುದನ್ನಷ್ಟೇ ಹೇಳುತ್ತದೆ. ಅದನ್ನು ಯಾರಾದರೂ ಮತ್ತೆ ಕರಗಿಸುತ್ತಾರೆ ಎಂದು ಹೇಳುವುದಿಲ್ಲ. ಆದ್ದರಿಂದ ನೀನು ಕಂಡದ್ದು ನಿಜವೇ ಆಗಿರಬಹುದು.

ಆಗದೆಯೂ ಇರಬಹುದು. ಕೆಲವು ಲಾರಿಗಳ ಒಳಗೆ ಅಡ್ಡಗೋಡೆ ಇರುತ್ತದೆ. ಹೊರಗಿನಿಂದ ನೋಡುವವರಿಗೆ ಎಲ್ಲವೂ ಒಂದೇ ಬಾಯಿಗೆ ಬಿದ್ದಂತೆ ಕಾಣುತ್ತದೆ. ಇನ್ನು ಕೆಲವೆಡೆ ಒಣ ಕಸವನ್ನೆಲ್ಲ ಒಟ್ಟಿಗೆ ಒಯ್ದು ವಿಂಗಡಣೆಯ ಕೇಂದ್ರದಲ್ಲಿ ಆಯಸ್ಕಾಂತದಿಂದ ಕಬ್ಬಿಣವನ್ನೂ, ಬೆಳಕಿನ ಕಿರಣಗಳಿಂದ ಪ್ಲಾಸ್ಟಿಕ್ಕಿನ ಬಗೆಗಳನ್ನೂ ಗುರುತಿಸಿ ಬೇರ್ಪಡಿಸುತ್ತಾರೆ. ಆದರೆ ಹಸಿ ಕಸವೂ ಅದರೊಡನೆ ಸೇರಿದ್ದರೆ ಈ ಮಾತಿಗೆ ಬೆಲೆಯಿಲ್ಲ. ನೆನೆದು ಎಣ್ಣೆ ಹತ್ತಿದ ಕಾಗದವನ್ನು ಯಾವ ಯಂತ್ರವೂ ಉಳಿಸಿಕೊಡಲಾರದು. ನೀನು ಕಿಟಕಿಯಿಂದ ನೋಡಿದ್ದೀಯ, ಲಾರಿಯ ಹತ್ತಿರ ಹೋಗಿ ನೋಡಿಲ್ಲ. ನಾನೂ ಹೀಗೆಯೇ ಕಿಟಕಿಯಿಂದ ನೋಡಿದವನು, ಮಗೂ.

ಇದನ್ನು ನಾನು ನಿನ್ನ ತಾಯಿಗೂ ಹೇಳಿಲ್ಲ. ಸುಮಾರು ನಿನ್ನದೇ ವಯಸ್ಸಿನಲ್ಲಿ, ಒಂದು ಮಳೆಗಾಲದ ಬೆಳಿಗ್ಗೆ, ನಾನು ಕಟ್ಟಿಟ್ಟ ಕಾಗದದ ಕಟ್ಟನ್ನೂ ತೋಟದ ಕಸದ ಚೀಲವನ್ನೂ ಒಬ್ಬನೇ ಮನುಷ್ಯ ಒಂದೇ ವಾಹನಕ್ಕೆ ಎಸೆದದ್ದನ್ನು ಕಂಡೆ. ಆ ಕ್ಷಣದಲ್ಲಿ ನನಗಾದದ್ದು ಕೋಪವಲ್ಲ, ಅವಮಾನ. ವರ್ಷಗಟ್ಟಲೆ ಯಾರೋ ನನ್ನನ್ನು ಮೋಸಗೊಳಿಸಿದ್ದಾರೆ, ನಾನು ಅದಕ್ಕೆ ನೀರು ಸುರಿದು ತೊಳೆದು ಸಹಾಯ ಮಾಡಿದ್ದೇನೆ ಎನ್ನಿಸಿತು. ಅಂದೇ ಎಲ್ಲವನ್ನೂ ನಿಲ್ಲಿಸಿಬಿಟ್ಟೆ. ಎಲ್ಲ ಕಸಕ್ಕೂ ಒಂದೇ ಡಬ್ಬ ಇಟ್ಟೆ. ತೋಟದ ಎಲೆಗಳನ್ನು ಹೊತ್ತು ಗೇಟಿನವರೆಗೆ ಒಯ್ಯುವುದು ಯಾರಿಗಾಗಿ ಎಂದುಕೊಂಡು ಮನೆಯ ಹಿಂದೆ ಗುಡ್ಡೆಹಾಕಿ ಬೆಂಕಿ ಕೊಡತೊಡಗಿದೆ.

ಆರು ವರ್ಷ ಹಾಗೆ ಸುಟ್ಟೆ. ಒಣಗಿದ ಎಲೆ ಬೇಗ ಉರಿದುಹೋಗುತ್ತದೆ, ಆದರೆ ಗುಡ್ಡೆಯ ಅಡಿಯಲ್ಲಿ ತೇವವಿರುತ್ತದೆ. ಅದು ಉರಿಯುವುದಿಲ್ಲ, ಗಂಟೆಗಟ್ಟಲೆ ಹೊಗೆಯಾಡುತ್ತದೆ. ಆ ಹೊಗೆ ಮೇಲೇರದೆ ನೆಲದ ಮಟ್ಟದಲ್ಲೇ ತೆವಳಿ, ಒಗೆದು ಹರವಿದ ಬಟ್ಟೆಗಳಿಗೆ ಹತ್ತಿ, ಕಿಟಕಿಗಳೊಳಗೆ ನುಗ್ಗುತ್ತಿತ್ತು. ಅರೆಬರೆ ಉರಿದ ಎಲೆಯಿಂದ ವಿಷಾನಿಲವಾದ ಕಾರ್ಬನ್ ಮೊನಾಕ್ಸೈಡೂ, ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣ ಕಣಗಳೂ ಏಳುತ್ತವೆ ಎಂದು ನನಗೆ ಆಗ ತಿಳಿದಿರಲಿಲ್ಲ, ತಿಳಿದುಕೊಳ್ಳುವ ಮನಸ್ಸೂ ಇರಲಿಲ್ಲ. ನಿನ್ನ ಅತ್ತೆಗೆ ಆ ವರ್ಷಗಳಲ್ಲಿ ಕೆಮ್ಮು ಹಿಡಿದದ್ದು ನಿನಗೆ ನೆನಪಿರಬಹುದು. ಅದಕ್ಕೆ ನನ್ನ ಬೆಂಕಿಯೇ ಕಾರಣವೆಂದು ವೈದ್ಯರು ಹೇಳಲಿಲ್ಲ. ಮನೆಯಲ್ಲಿ ಹೊಗೆ ಇದೆಯೇ ಎಂದು ಕೇಳಿದರು, ಅಡುಗೆಮನೆಯನ್ನು ನೆನೆದು ನಾನು ಇಲ್ಲವೆಂದೆ. ಅವಳು ಪಕ್ಕದಲ್ಲಿಯೇ ಕುಳಿತಿದ್ದಳು, ಏನೂ ಮಾತನಾಡಲಿಲ್ಲ. ಎಲೆ ಸುಡುವ ದಿನ ಬಾಗಿಲು ಮುಚ್ಚಿಕೊಂಡು ಒಳಗೆ ಕುಳಿತಿರುತ್ತಿದ್ದಳೇ ಹೊರತು, ಬೇಡವೆಂದು ಅವಳು ಒಮ್ಮೆಯೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ನಿನ್ನ ನಾಲ್ಕು ಸಾಲುಗಳನ್ನು ಓದಿದ ರಾತ್ರಿ ನಿದ್ದೆ ಬಾರದಿದ್ದದ್ದು ಇದಕ್ಕೆ. ಯಾರಿಗಾಗಿ ಎಂಬ ಪ್ರಶ್ನೆ ಮನುಷ್ಯನನ್ನು ಎಲ್ಲಿಗೆ ಕರೆದೊಯ್ಯುತ್ತದೆ ಎಂಬುದನ್ನು ನಾನು ಬಲ್ಲೆ.

ಮತ್ತೆ ಆ ಪ್ರಶ್ನೆಗೇ ಬರುತ್ತೇನೆ. ನಿನ್ನ ಅಜ್ಜಿಯನ್ನು ಅದು ಎಂದೂ ಕಾಡಲಿಲ್ಲ ಎಂದು ಈಚೆಗೆ ಮತ್ತೆ ಮತ್ತೆ ಅನ್ನಿಸುತ್ತದೆ. ಪೊಟ್ಟಣಕ್ಕೆ ಸುತ್ತಿ ಬಂದ ದಾರವನ್ನು ಕತ್ತರಿಸದೆ ಗಂಟು ಬಿಚ್ಚಿ ಉಂಡೆಗೆ ಸುತ್ತುತ್ತಿದ್ದಳು. ಹರಿದ ಹೊದಿಕೆ ದಿಂಬಿನ ಚೀಲವಾಗಿ, ದಿಂಬಿನ ಚೀಲ ಒರೆಸುವ ಬಟ್ಟೆಯಾಗಿ, ಅದು ಎಳೆ ಎಳೆಯಾದ ಮೇಲೆ ಗಿಡದ ಬುಡಕ್ಕೆ ಹೋಗುತ್ತಿತ್ತು. ಅಣ್ಣನ ಅಂಗಿಯನ್ನು ಒಳಗೆ ಮಡಿಸಿ ಹೊಲಿದು ನನಗೆ ತೊಡಿಸಿದಾಗ ನಾನು ಶಾಲೆಗೆ ಹೋಗುವುದಿಲ್ಲವೆಂದು ಹಟ ಮಾಡಿದ್ದೆ; ನಾವು ಬಡವರೆಂದು ಎಲ್ಲರಿಗೂ ಕಾಣುವಂತೆ ಮಾಡಿದ್ದೀ ಎಂದು ಅವಳ ಮುಖಕ್ಕೇ ಹೇಳಿದ್ದೆ. ಅವಳು ಅಂಗಿಯನ್ನು ಬಿಚ್ಚಿಸಿ, ಹೊಲಿಗೆ ಕಾಣದಂತೆ ಮತ್ತೊಮ್ಮೆ ಹೊಲಿದಳು. ಅವಳ ಕಾಲದಲ್ಲಿ ಮನೆಯ ಮುಂದೆ ಯಾವ ಲಾರಿಯೂ ನಿಲ್ಲುತ್ತಿರಲಿಲ್ಲ. ಅವಳು ಉಳಿಸಿದ್ದು ಮನೆಯೊಳಗೇ ಇನ್ನೊಂದು ವಸ್ತುವಾಗಿ ಅವಳ ಕೈಗೇ ಮರಳುತ್ತಿತ್ತು. ನಾವು, ಅಂದರೆ ನನ್ನ ತಲೆಮಾರು, ಹೊಸದನ್ನು ಕೊಂಡು ಹಳೆಯದನ್ನು ಬಣ್ಣದ ಡಬ್ಬಕ್ಕೆ ಹಾಕಿದರೆ ಲೆಕ್ಕ ಸರಿಹೋಯಿತು ಎಂದುಕೊಂಡೆವು. ನೀವು ಅದನ್ನೇ ನಮ್ಮಿಂದ ಕಲಿತಿರಿ. ಅದಕ್ಕಾಗಿ ನಿನ್ನ ಮುಂದೆ ನನಗೆ ಸಂಕೋಚವಿದೆ.

ಲಾರಿ ನಿನಗೆ ಮೋಸ ಮಾಡಿರಬಹುದು ಎಂಬ ಭಯಕ್ಕೆ ನನ್ನಲ್ಲಿರುವ ಒಂದೇ ಉತ್ತರ ಇದು: ಗೇಟು ದಾಟದೆ ಉಳಿದದ್ದನ್ನು ಯಾರೂ ಬೆರೆಸಲಾರರು. ಇದು ಚಿಕ್ಕ ಭಾಗವೂ ಅಲ್ಲ. ಜಗತ್ತಿನ ಊರುಗಳ ಕಸದಲ್ಲಿ ಆಹಾರದ ಮತ್ತು ತೋಟದ ಕಸವೇ ನೂರಕ್ಕೆ 44 ಭಾಗ ಎಂದು 2018ರ ವಿಶ್ವಬ್ಯಾಂಕ್ ವರದಿ ಹೇಳುತ್ತದೆ. ಅದು ಗುಂಡಿಯ ಆಳದಲ್ಲಿ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಏಳುತ್ತದೆ. ನೂರು ವರ್ಷಗಳ ಅವಧಿಯಲ್ಲಿ ನೋಡಿದರೆ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು ಹೆಚ್ಚು ಬಿಸಿಯನ್ನು ಅದು ಹಿಡಿದಿಡುತ್ತದೆ. ಅದೇ ಎಲೆ, ಅದೇ ಸಿಪ್ಪೆ ನಿನ್ನ ಹಿತ್ತಲಲ್ಲಿ ಗಾಳಿಯಾಡುತ್ತ ಕೊಳೆತರೆ ಮಣ್ಣಾಗುತ್ತದೆ.

ನಾನು ಬೆಂಕಿ ಬಿಟ್ಟು ಗೊಬ್ಬರಕ್ಕೆ ಬಂದದ್ದೂ ಸಲೀಸಾಗಿ ಆಗಲಿಲ್ಲ. ಮೊದಲ ವರ್ಷ ಕತ್ತರಿಸಿದ ಹುಲ್ಲನ್ನಷ್ಟೇ ಒಟ್ಟಿದೆ. ಅದು ಅಂಟಂಟಾದ ಕಪ್ಪು ಮುದ್ದೆಯಾಗಿ ನಾರಿತು. ಹಸಿರು ಕಸದಲ್ಲಿ ಸಾರಜನಕ ಹೆಚ್ಚು, ತರಗೆಲೆಯಲ್ಲಿ ಇಂಗಾಲ ಹೆಚ್ಚು. ಸಾರಜನಕ ಒಂದು ಪಾಲಿದ್ದರೆ ಇಂಗಾಲ 25ರಿಂದ 30 ಪಾಲು ಇದ್ದಾಗ ಸೂಕ್ಷ್ಮಜೀವಿಗಳು ಚೆನ್ನಾಗಿ ಕೆಲಸ ಮಾಡುತ್ತವೆ ಎಂದು ಆಮೇಲೆ ಓದಿದೆ. ಅಳತೆಯ ಗೋಜು ನಿನಗೆ ಬೇಡ. ಒಂದು ಬುಟ್ಟಿ ಹಸಿಗೆ ಎರಡು ಮೂರು ಬುಟ್ಟಿ ತರಗೆಲೆ ಹಾಕಿ, ಹಿಂಡಿದ ಬಟ್ಟೆಯಷ್ಟು ತೇವವಿರುವಂತೆ ನೋಡಿಕೊಂಡರೆ ಸಾಕು. ಎದೆಯ ಮಟ್ಟಕ್ಕೆ ಒಟ್ಟಿದ ಗುಡ್ಡೆಯೊಳಗೆ ಒಂದು ಚಳಿಗಾಲದ ಬೆಳಿಗ್ಗೆ ಕೈಯಿಟ್ಟು, ಬಿಸಿ ತಾಳಲಾರದೆ ಹಿಂದಕ್ಕೆ ಎಳೆದುಕೊಂಡೆ. ಅಂಥ ಗುಡ್ಡೆಯ ನಡುವೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ಬಿಸಿ ಏಳುವುದುಂಟು, ಆ ಬಿಸಿಗೆ ಕಳೆಬೀಜಗಳೂ ಸಾಯುತ್ತವೆ. ನಿನ್ನ ಅತ್ತೆಯನ್ನು ಕರೆದು ಅವಳ ಕೈಯನ್ನೂ ಅದರ ಮೇಲೆ ಹಿಡಿಸಿದೆ. ಅವಳು ಬಹಳ ಹೊತ್ತು ಹಾಗೆಯೇ ನಿಂತಿದ್ದಳು. ಆ ಆರು ವರ್ಷಗಳ ಬಗ್ಗೆ ಕ್ಷಮೆ ಕೇಳಬೇಕಾದ ಗಳಿಗೆ ಅದಾಗಿತ್ತು, ನಾನು ಕೇಳಲಿಲ್ಲ.

ನೀನು ಸಲಹೆ ಕೇಳಿಲ್ಲ. ಕೇಳದೆಯೇ ಹೇಳುತ್ತಿರುವುದಕ್ಕೆ ಬೇಸರಪಡಬೇಡ. ಒಂದು, ತೋಟದ ಕಸವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಡಬೇಡ. ಗೊಬ್ಬರ ಮಾಡುವವರಿಗೆ ಆ ಚೀಲದ ಚೂರುಗಳನ್ನು ಆರಿಸಿ ತೆಗೆಯುವುದು ಬಹಳ ಕಷ್ಟ, ಇಡೀ ರಾಶಿಯನ್ನೇ ತಿರಸ್ಕರಿಸುವುದೂ ಉಂಟು. ಬಾಟಲಿಗಳನ್ನು ಬಿಸಿನೀರಿನಲ್ಲಿ ತಿಕ್ಕಿ ತೊಳೆಯುವುದನ್ನು ಬಿಡು, ಪಾತ್ರೆ ತೊಳೆದ ನೀರಿನಲ್ಲಿ ಒಮ್ಮೆ ಕುಲುಕಿದರೆ ಸಾಲದೇ? ಅಂಗಡಿಯ ರಸೀದಿಗಳಲ್ಲಿ ಬಹಳಷ್ಟು ರಾಸಾಯನಿಕ ಲೇಪನವಿರುವ ಕಾಗದದವು, ಅವು ಕಾಗದದ ಕಟ್ಟಿಗೂ ಬೇಡ, ಗೊಬ್ಬರಕ್ಕೂ ಬೇಡ. ಕಪ್ಪು ಪ್ಲಾಸ್ಟಿಕ್ ತಟ್ಟೆ ಡಬ್ಬಗಳನ್ನು ಆದಷ್ಟು ಕೊಳ್ಳಬೇಡ. ಅವುಗಳ ಬಣ್ಣದಲ್ಲಿರುವ ಮಸಿ ಬೆಳಕನ್ನು ನುಂಗುವುದರಿಂದ ವಿಂಗಡಿಸುವ ಯಂತ್ರದ ಕಣ್ಣಿಗೆ ಅವು ಬೀಳುವುದೇ ಇಲ್ಲ. ಇವೆಲ್ಲ ನಿನಗೆ ತಿಳಿದಿರಬಹುದು. ಹೇಳದೆ ಇರಲಾರದೆ ಹೇಳಿದೆ.

ಹಾಗೆಂದು ಹೊರಗೆ ಕಳುಹಿಸುವುದನ್ನು ಪೂರ್ತಿ ಬಿಟ್ಟುಬಿಡು ಎನ್ನುವುದಿಲ್ಲ. ಅದಿರಿನಿಂದ ಹೊಸ ಅಲ್ಯೂಮಿನಿಯಂ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ನೂರಕ್ಕೆ ಸುಮಾರು 95 ಭಾಗ, ಹಳೆಯ ಡಬ್ಬಿಯನ್ನು ಕರಗಿಸಿದರೆ ಉಳಿಯುತ್ತದೆ. ಆದ್ದರಿಂದ ಅದಕ್ಕೆ ಎಲ್ಲಿಯೂ ಕೊಳ್ಳುವವರಿರುತ್ತಾರೆ. ಗಾಜನ್ನು ಎಷ್ಟು ಸಲ ಕರಗಿಸಿದರೂ ಅದರ ಗುಣ ಕೆಡುವುದಿಲ್ಲ. ಕಾಗದದ ನಾರು ಪ್ರತಿ ಸಲವೂ ಮೊಟಕಾಗುತ್ತ ಐದರಿಂದ ಏಳು ಸಲಕ್ಕೆ ಸವೆದುಹೋಗುತ್ತದೆ, ಆದರೂ ಅಷ್ಟು ಸಲ ಬದುಕುತ್ತದೆ. ಇವನ್ನು ಲಾರಿಗೆ ಹಾಕದೆ, ಕೊಳ್ಳುವವರ ಕೈಗೇ ಒಯ್ದು ಕೊಡಲು ನಿನಗೆ ಸಾಧ್ಯವಾದರೆ ಒಳ್ಳೆಯದು. ಮಕ್ಕಳು, ನೌಕರಿ, ಅಡುಗೆ, ಎಲ್ಲದರ ನಡುವೆ ಇನ್ನೂ ಒಂದು ಕೆಲಸವನ್ನು ನಿನ್ನ ತಲೆಗೆ ಹೊರಿಸುತ್ತಿದ್ದೇನೆ ಎಂಬ ಅರಿವು ನನಗಿದೆ. ಆಗದಿದ್ದರೆ ಬಿಡು.

ಆದರೆ ಒಂದನ್ನು ಬಿಡಬೇಡ ಎಂದು ಬೇಡಿಕೊಳ್ಳುತ್ತೇನೆ. ನಾನು ಅಂದು ಕಂಡ ವಾಹನದಲ್ಲಿ ಅಡ್ಡಗೋಡೆ ಇತ್ತೋ ಇರಲಿಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಹೊರಗೆ ಹೋಗಿ ಆ ಮನುಷ್ಯನನ್ನು ಒಂದು ಮಾತು ಕೇಳಬಹುದಿತ್ತು. ಆಡಳಿತದ ಕಚೇರಿಗೆ ಒಂದು ಕಾಗದ ಬರೆಯಬಹುದಿತ್ತು. ಆರು ವರ್ಷಗಳಲ್ಲಿ ವಾರಕ್ಕೊಂದು ಸಲವೆಂದರೂ ಆ ವಾಹನ ನನ್ನ ಗೇಟಿನ ಮುಂದೆ ಮುನ್ನೂರು ಸಲ ನಿಂತಿರಬೇಕು. ಒಮ್ಮೆಯೂ ಕೇಳಲಿಲ್ಲ, ಏಕೆಂದರೆ ಅವಮಾನವಾದವನಿಗೆ ಉತ್ತರ ಬೇಕಿರಲಿಲ್ಲ. ಈಗ ಆ ವಾಹನವೂ ಇಲ್ಲ, ಆ ಮನುಷ್ಯನೂ ಇಲ್ಲ.

ನಿಮ್ಮ ಬೀದಿಗೆ ಲಾರಿ ಮತ್ತೆ ಯಾವ ದಿನ ಬರುತ್ತದೆ? ಆ ದಿನ ಸ್ವಲ್ಪ ಬೇಗ ಎದ್ದು, ಗೇಟಿನ ಹತ್ತಿರ ನಿಂತು, ಓಡಿಸುವವರನ್ನು ಮರ್ಯಾದೆಯಿಂದ ಕೇಳು: ಇದು ಇಲ್ಲಿಂದ ಎಲ್ಲಿಗೆ ಹೋಗುತ್ತದೆ, ಅಲ್ಲಿ ಇದನ್ನು ಏನು ಮಾಡುತ್ತಾರೆ ಎಂದು. ಅವರು ಹೇಳಿದ್ದು ಒಳ್ಳೆಯದಾಗಿರಲಿ, ಕೆಟ್ಟದ್ದಾಗಿರಲಿ, ಒಂದಕ್ಷರವನ್ನೂ ಬಿಡದೆ ನನಗೆ ಬರೆದು ಕಳುಹಿಸು. ನಿನ್ನ ಅತ್ತೆಗೂ ಓದಿ ಹೇಳುತ್ತೇನೆ. ಅವಳಿಗೆ ನಾನು ಹೇಳಬೇಕಾದ ಮಾತೊಂದು ಉಳಿದಿದೆ, ಅದನ್ನು ಆಗಲೇ ಹೇಳುತ್ತೇನೆ.

ನಿನ್ನ ಪತ್ರದ ದಾರಿ ಕಾಯುತ್ತಿರುವ,
ಸೋದರಮಾವ