ದಿನಾ ಕಾಣುವ ಬೆಟ್ಟವನ್ನು ಮಕ್ಕಳು ಒಮ್ಮೆ ಹತ್ತಲಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪುರವಣಿಯಲ್ಲಿ ಓದುಗರು ತಮಗಿಷ್ಟವಾದ ಚಾರಣದ ದಾರಿಗಳ ಬಗ್ಗೆ ಬರೆದಿದ್ದನ್ನು ಓದಿ ಬಹಳ ಖುಷಿಯಾಯಿತು. ಬರೆದವರಲ್ಲಿ ಹೆಚ್ಚಿನವರು ಬೆಂಗಳೂರು, ಮಂಗಳೂರಿನವರು. ಅಷ್ಟು ದೂರದಿಂದ ರಾತ್ರಿ ಬಸ್ ಹತ್ತಿ ಬಂದು ನಮ್ಮ ಬೆಟ್ಟಗಳನ್ನು ಹತ್ತುತ್ತಾರೆ ಅಂದರೆ ಅದು ಸಣ್ಣ ಪ್ರೀತಿಯಲ್ಲ. ಆದರೆ ಆ ಪುಟ ಓದುತ್ತಾ ನನಗೆ ನೆನಪಾದದ್ದು ಬೆಟ್ಟದ ಬುಡದಲ್ಲೇ ಹುಟ್ಟಿ, ಒಮ್ಮೆಯೂ ಅದನ್ನು ಹತ್ತದ ಮಕ್ಕಳು. ಅವರ ಪರವಾಗಿ ಈ ಪತ್ರ.

ನಾನು ಹೊಸನಗರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ನಮ್ಮ ಶಾಲೆಯ ಅಂಗಳದಲ್ಲಿ ನಿಂತರೆ ಪಡುವಣಕ್ಕೆ ಕೊಡಚಾದ್ರಿ ಕಾಣುತ್ತದೆ. ಬೆಳಿಗ್ಗೆ ಪ್ರಾರ್ಥನೆಗೆ ನಿಂತಾಗ ಅದರ ತಲೆಗೆ ಮೋಡ ಕಟ್ಟಿದ್ದರೆ ಮಕ್ಕಳು ‘ಇವತ್ತು ಮಳೆ ಗ್ಯಾರಂಟಿ ಮೇಡಂ’ ಅನ್ನುತ್ತಿದ್ದರು. 1996ರಲ್ಲಿ ಒಂದು ದಿನ ಎಂಟನೇ ತರಗತಿಯಲ್ಲಿ ಕೇಳಿದೆ, ‘ಎಷ್ಟು ಜನ ಆ ಬೆಟ್ಟ ಹತ್ತಿದ್ದೀರಿ?’ ಮೂವತ್ನಾಲ್ಕು ಮಕ್ಕಳಲ್ಲಿ ಕೈ ಎತ್ತಿದ್ದು ಇಬ್ಬರು. ಆ ಇಬ್ಬರೂ ಹೋಗಿದ್ದು ಜೀಪಿನಲ್ಲಿ.

ಆ ವರ್ಷ ಶೈಕ್ಷಣಿಕ ಪ್ರವಾಸಕ್ಕೆ ಬೇಲೂರು, ಹಳೇಬೀಡು, ಮೈಸೂರು ಅಂತ ಪಟ್ಟಿಯಾಗಿತ್ತು. ದುಡ್ಡು ಕೊಡಲಾಗದೆ ಅರ್ಧದಷ್ಟು ಮಕ್ಕಳು ಮನೆಯಲ್ಲೇ ಉಳಿದರು. ಹಾಗೆ ಮನೆಯಲ್ಲಿ ಉಳಿದ ಮಕ್ಕಳನ್ನು ಕರೆದುಕೊಂಡು ಡಿಸೆಂಬರಿನ ಒಂದು ಶನಿವಾರ ನಾವು ಕೊಡಚಾದ್ರಿಗೆ ಹೊರಟೆವು. ಅರಣ್ಯದವರಿಗೆ ಮುಖ್ಯ ಶಿಕ್ಷಕರಿಂದ ಒಂದು ಪತ್ರ, ತಂದೆ ತಾಯಿಯರ ಒಪ್ಪಿಗೆ, ಜೊತೆಗೆ ದಾರಿ ಬಲ್ಲ ಊರಿನ ಹಿರಿಯರೊಬ್ಬರು. ಬುತ್ತಿಗೆ ಚಪಾತಿ, ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ, ಒಂದು ದೊಡ್ಡ ಉಂಡೆ ಬೆಲ್ಲ. ರಕ್ತ ಹೀರುವ ಉಂಬಳಕ್ಕೆ (ಜಿಗಣೆಗೆ) ಅಂತ ಒಬ್ಬ ಹುಡುಗ ಹೊಗೆಸೊಪ್ಪು ಮತ್ತು ಸುಣ್ಣ ಬಟ್ಟೆಯಲ್ಲಿ ಕಟ್ಟಿ ಕೋಲಿನ ತುದಿಗೆ ಸಿಕ್ಕಿಸಿಕೊಂಡು ಬಂದಿದ್ದ. ಡಿಸೆಂಬರಿನಲ್ಲಿ ಉಂಬಳ ಕಮ್ಮಿ ಅಂದರೂ ಅವನು ಬಿಡಲಿಲ್ಲ. ಹಳ್ಳದ ಬದಿಯಲ್ಲಿ ಅದು ಕೆಲಸಕ್ಕೂ ಬಂತು.

ನಿಟ್ಟೂರಿನ ಕಡೆಯಿಂದ ಹಿಡ್ಲುಮನೆ ಜಲಪಾತದ ಪಕ್ಕದಲ್ಲೇ ಹತ್ತುವ ದಾರಿ ಇದೆಯಲ್ಲ, ನನ್ನ ಮೆಚ್ಚಿನ ದಾರಿ ಅದೇ. ಮೊದಲು ಗದ್ದೆ, ತೋಟ. ಆಮೇಲೆ ನೀರಿನ ಸದ್ದು. ಒಂದು ಜಲಪಾತ ಹತ್ತಿದರೆ ಇನ್ನೊಂದು ಜಲಪಾತ. ಬೇರು ಹಿಡಿದು, ಬಂಡೆಗೆ ಮೊಣಕಾಲು ಊರಿ ಹತ್ತಬೇಕು. ನಮ್ಮ ಹೆಣ್ಣುಮಕ್ಕಳು ಲಂಗ ಎತ್ತಿ ಕಟ್ಟಿಕೊಂಡು ನನಗಿಂತ ಮುಂದೆ ಹೋಗಿಬಿಟ್ಟರು. ಕಾಡು ಮುಗಿದ ಕೂಡಲೇ ಬ್ಯಾಣ, ಅಂದರೆ ಮರವಿಲ್ಲದ ಹುಲ್ಲುಗುಡ್ಡ. ಕರಡ ಹುಲ್ಲು ಸೊಂಟದೆತ್ತರ ಬೆಳೆದಿತ್ತು, ಗಾಳಿ ಬಂದಾಗ ಇಡೀ ಗುಡ್ಡವೇ ಮಗ್ಗುಲು ಬದಲಿಸಿದ ಹಾಗೆ ಆಗುತ್ತಿತ್ತು.

ಮೂಲ ಮೂಕಾಂಬಿಕೆ ದೇವಸ್ಥಾನದ ಹತ್ತಿರ ಬುತ್ತಿ ಬಿಚ್ಚಿದೆವು. ಅಲ್ಲಿ ಎದುರಿಗೊಂದು ಎತ್ತರದ ಹಳೆಯ ಕಬ್ಬಿಣದ ಕಂಬ ಇದೆ. ದೇವಿ ಮೂಕಾಸುರನನ್ನು ಕೊಂದ ತ್ರಿಶೂಲ ಅಂತ ಜನ ನಂಬುತ್ತಾರೆ. ಒಬ್ಬಳು ಹುಡುಗಿ ಅದನ್ನು ಮುಟ್ಟಿ ನೋಡಿ ಕೇಳಿದಳು, ‘ಮೇಡಂ, ನಮ್ಮನೆ ಹಾರೆ ಒಂದು ಮಳೆಗಾಲಕ್ಕೇ ತುಕ್ಕು ಹಿಡಿತದೆ. ಇದು ಇಷ್ಟು ಮಳೇಲಿ ಹೆಂಗೆ ನಿಂತದೆ?’ ಸೋಮವಾರ ತರಗತಿಯಲ್ಲಿ ತುಕ್ಕಿನ ಪಾಠ ಅಲ್ಲಿಂದಲೇ ಶುರುವಾಯಿತು. ಅಷ್ಟು ಗಮನ ಕೊಟ್ಟು ಆ ಪಾಠ ಕೇಳಿದ ತರಗತಿ ಇನ್ನೊಂದಿಲ್ಲ.

ಅಲ್ಲಿಂದ ಮೇಲೆ, ಬೆಟ್ಟದ ತುದಿಯ ಸರ್ವಜ್ಞಪೀಠಕ್ಕೆ ಹೋಗುವ ತುಂಡು ದಾರಿಯಲ್ಲಿ ಶೋಲಾ, ಅಂದರೆ ಗುಡ್ಡದ ಸಂದಿಯಲ್ಲಿ ಒತ್ತಾಗಿ ಬೆಳೆದ ಗಿಡ್ಡ ಮರಗಳ ಕಾಡು ಸಿಗುತ್ತದೆ. ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಮೈ ತಣ್ಣಗಾಗುತ್ತದೆ. ಅಲ್ಲಿ ನಾನು ಒಂದು ಬಂಡೆಯ ಮೇಲಿನ ಹಸಿರು ಪಾಚಿಯನ್ನು ಅಂಗೈಯಿಂದ ಒತ್ತಿದೆ. ಮಳೆ ನಿಂತು ತಿಂಗಳ ಮೇಲಾಗಿತ್ತು. ಆದರೂ ಬೆರಳ ಸಂದಿಯಿಂದ ನೀರು ಇಳಿಯಿತು. ಮಕ್ಕಳು ಸುತ್ತ ಕೂತು ಒಬ್ಬೊಬ್ಬರೇ ಒತ್ತಿ ನೋಡಿದರು. ಬೇಸಿಗೆಯಲ್ಲೂ ನಮ್ಮೂರ ಹಳ್ಳದಲ್ಲಿ ನೀರು ಯಾಕೆ ಇರುತ್ತದೆ ಅಂತ ಆ ದಿನ ನಾನು ಬಾಯಿಬಿಟ್ಟು ಹೇಳಲೇ ಇಲ್ಲ. ಒಬ್ಬ ಹುಡುಗನೇ ಹೇಳಿದ, ‘ನಮ್ಮ ತೋಟದ ನೀರು ಇಲ್ಲಿಂದ ಬರದು!’

ತುದಿ ಇರುವುದು 1,343 ಮೀಟರ್ ಎತ್ತರದಲ್ಲಿ. ಶಂಕರಾಚಾರ್ಯರು ತಪಸ್ಸು ಮಾಡಿದರು ಅನ್ನುವ ಪುಟ್ಟ ಕಲ್ಲು ಮಂಟಪ ಬಿಟ್ಟರೆ ಅಲ್ಲಿರುವುದು ಗಾಳಿ ಮಾತ್ರ. ಪಡುವಣಕ್ಕೆ ದೂರದಲ್ಲಿ ಸಮುದ್ರ ಬಿಳಿ ಗೆರೆಯ ಹಾಗೆ ಹೊಳೆಯುತ್ತಿತ್ತು. ನಮ್ಮ ಮಕ್ಕಳಲ್ಲಿ ಯಾರೂ ಅದುವರೆಗೆ ಸಮುದ್ರ ನೋಡಿರಲಿಲ್ಲ. ಇನ್ನೊಂದು ಕಡೆ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು, ಗುಡ್ಡಗಳ ನಡುವೆ ಬೆರಳು ಚಾಚಿದ ಹಾಗೆ. ಎಲ್ಲರೂ ಸಮುದ್ರದ ಕಡೆ ಓಡಿದರೆ ಹೊಗೆಸೊಪ್ಪಿನ ಕೋಲು ತಂದ ಹುಡುಗ ಮಾತ್ರ ಆ ಹಿನ್ನೀರನ್ನೇ ನೋಡುತ್ತಾ ನಿಂತಿದ್ದ. ಹತ್ತಿರ ಹೋದೆ. ‘ಮೇಡಂ, ನಮ್ಮಜ್ಜನ ಮನೆ ಆ ನೀರಿನಡಿಗೇ ಐತಂತೆ. ಎಲ್ಲಿ ಅಂತ ಇಲ್ಲಿಂದ ಗೊತ್ತಾಗ್ತದ?’ ಅಂದ. 1964ರಲ್ಲಿ ಅಣೆಕಟ್ಟು ಆದಾಗ ಊರು ಬಿಟ್ಟು ಬಂದ ಮನೆತನ ಅವನದು. ನನಗೆ ಗೊತ್ತಾಗಲಿಲ್ಲ. ಗೊತ್ತಿಲ್ಲ ಮಗ ಅಂದೆ. ಅವನು ಬಹಳ ಹೊತ್ತು ಅಲ್ಲೇ ಕೂತಿದ್ದ. ಮುಂದಿನ ವಾರ ಅವನಜ್ಜ ಶಾಲೆಗೆ ಬಂದು, ಗೋಡೆಯ ಮೇಲಿನ ತಾಲ್ಲೂಕು ನಕ್ಷೆಯ ಎದುರು ನಿಂತು, ನೀಲಿ ಬಣ್ಣದ ಮೇಲೆ ಬೆರಳಿಟ್ಟು ತೋರಿಸಿ ಹೋದರು.

ಆಮೇಲೆ ನಾನು ಬೇರೆ ಬೆಟ್ಟಗಳನ್ನೂ ಹತ್ತಿದ್ದೇನೆ. ಕುಕ್ಕೆಯ ದೇವರಗದ್ದೆಯಿಂದ ಕುಮಾರ ಪರ್ವತ ಹತ್ತಿ, ನಡುವೆ ಭಟ್ಟರ ಮನೆಯಲ್ಲಿ ಬಿಸಿ ಅನ್ನ, ಸಾರು, ಮಜ್ಜಿಗೆ ಉಂಡಿದ್ದೇನೆ. ಆ ಊಟದ ರುಚಿ ಹತ್ತಿದವರಿಗೇ ಗೊತ್ತು. ಶೇಷ ಪರ್ವತ ದಾಟಿ 1,712 ಮೀಟರಿನ ತುದಿ ಮುಟ್ಟಿದಾಗ ಕಾಲು ನನ್ನದಲ್ಲ ಅನ್ನಿಸಿತ್ತು. ಕೊಡಗಿನಲ್ಲಿ 1792ರಲ್ಲಿ ಕಟ್ಟಿದ ನಾಲ್ಕುನಾಡು ಅರಮನೆ ನೋಡಿ, ಅಲ್ಲಿಂದ ತಡಿಯಂಡಮೋಳ್ ಬೆಟ್ಟ ಹತ್ತಿದ್ದು ಇನ್ನೊಂದು ಒಳ್ಳೆಯ ನೆನಪು. ಕುದುರೆಮುಖದ ದಾರಿಯಲ್ಲಿ ಒಂಟಿ ಮರದ ಕೆಳಗೆ ಕೂತು, ಕಬ್ಬಿಣದ ಅದಿರಿನ ಗಣಿ ನಿಂತ ಮೇಲೆ ಈ ಬೆಟ್ಟಗಳು ಹೇಗೆ ಉಸಿರಾಡುತ್ತಿವೆ ಅಂತ ಯೋಚಿಸಿದ್ದೇನೆ. ಮುಳ್ಳಯ್ಯನಗಿರಿ ನಮ್ಮ ರಾಜ್ಯದ ಅತಿ ಎತ್ತರದ ಬೆಟ್ಟ, ನಿಜ. ಆದರೆ ಗಾಡಿ ತುದಿಯ ಹತ್ತಿರದವರೆಗೂ ಹೋಗುವುದರಿಂದ ನನ್ನ ಮನಸ್ಸಿಗೆ ಅಷ್ಟು ಹಿಡಿಸಲಿಲ್ಲ. ಕೆಳಗಿನಿಂದ ಸರ್ಪದಾರಿಯಲ್ಲಿ ನಡೆದೇ ಹೋದರೆ ಮಾತು ಬೇರೆ.

ಆದರೂ ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಹಿಡ್ಲುಮನೆಯ ದಾರಿಯೇ. ಕಾರಣ ಅದು ಮಕ್ಕಳು ತಮ್ಮ ಊರನ್ನೇ ಮೇಲಿನಿಂದ ನೋಡಿದ ದಾರಿ. ಕೊಡಚಾದ್ರಿ ಅನ್ನುವ ಹೆಸರು ಕುಟಜಾದ್ರಿಯಿಂದ ಬಂತು, ಕುಟಜ ಅಂದರೆ ನಮ್ಮ ಕೊಡಸಿಗೆ ಗಿಡ ಅಂತ ಹೇಳಿದಾಗ ಒಬ್ಬಳಿಗೆ ನಂಬಲಿಕ್ಕೇ ಆಗಲಿಲ್ಲ. ‘ನಮ್ಮಮ್ಮ ತಂಬುಳಿ ಮಾಡದು ಅದೇ ಹೂವಿಂದನಾ?’ ಅಂತ ಮತ್ತೆ ಮತ್ತೆ ಕೇಳಿದಳು. ಹೌದು, ಒಣಗಿಸಿಟ್ಟು, ತುಪ್ಪದಲ್ಲಿ ಹುರಿದು, ಕಾಯಿ ಜೊತೆ ಬೀಸಿ ಮಜ್ಜಿಗೆ ಹಾಕುವ ಅದೇ ಹೂವು. ಬೆಟ್ಟದ ಹೆಸರು ಅವಳ ಅಡುಗೆಮನೆಯಲ್ಲೇ ಇತ್ತು.

ನಾನು ನಿವೃತ್ತಿಯಾಗುವವರೆಗೆ ಸಾಧ್ಯವಾದ ವರ್ಷಗಳಲ್ಲೆಲ್ಲ ಒಂದು ತಂಡವನ್ನು ಕರೆದುಕೊಂಡು ಹೋದೆ. ಒಂದೆರಡು ಸಲ ಮಂಜು ಮುಸುಕಿ ಏನೂ ಕಾಣದೆ ಇಳಿದೆವು. ಒಂದು ಸಲ ಒಬ್ಬನ ಕಾಲು ಉಳುಕಿ, ದೊಡ್ಡ ಹುಡುಗರು ಸರದಿಯ ಮೇಲೆ ಹೊತ್ತು ಜೀಪಿನ ರಸ್ತೆಗೆ ತಂದರು. ಬೈಗುಳವನ್ನೂ ತಿಂದಿದ್ದೇನೆ. ಅದು ನ್ಯಾಯವೇ. ಆವತ್ತು ನಾನು ಕೈಚೀಲದಲ್ಲಿ ಒಂದು ಬ್ಯಾಂಡೇಜ್ ಕೂಡ ಇಟ್ಟುಕೊಂಡಿರಲಿಲ್ಲ.

ಈಗ ಕಾಲ ಬದಲಾಗಿದೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದಲ್ಲಿ ಸೇರಿದ ಜನಜಂಗುಳಿಯ ಚಿತ್ರಗಳನ್ನು ನಾವೆಲ್ಲ ನೋಡಿದ್ದೇವೆ. ಅದಾದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣ ನಿಲ್ಲಿಸಿತು. ಅದೇ ವರ್ಷ ಚಾರಣದ ಬುಕಿಂಗಿಗೆ ‘ಅರಣ್ಯ ವಿಹಾರ’ ಜಾಲತಾಣ ಬಂತು, ಒಂದು ದಾರಿಗೆ ದಿನಕ್ಕೆ 300 ಜನ ಅನ್ನುವ ಮಿತಿ ಬಂತು. ಇದು ಸರಿಯಾದ ಕ್ರಮ. ಶೋಲಾದ ಪಾಚಿಯ ಮೇಲೆ ಸಾವಿರ ಜೋಡಿ ಬೂಟು ಹಾದರೆ ಅದು ಉಳಿಯುವುದಿಲ್ಲ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುವುದೂ ಸರಿಯೇ. ಒಂದು ಬೀಡಿ ತುಂಡು ಸಾಕು, ಒಣಗಿದ ಕರಡ ಗಂಟೆಯೊಳಗೆ ಬೂದಿಯಾಗುತ್ತದೆ.

ಆದರೆ ಆ ಮುನ್ನೂರರಲ್ಲಿ ಬೆಟ್ಟದ ಬುಡದ ಶಾಲೆಯ ಮಕ್ಕಳು ಎಲ್ಲಿದ್ದಾರೆ? ಮೊಬೈಲ್, ಒಟಿಪಿ, ಆನ್‌ಲೈನ್ ಪಾವತಿ, ಒಬ್ಬೊಬ್ಬರದೂ ಗುರುತಿನ ಚೀಟಿ. ನೆಟ್‌ವರ್ಕೇ ಸಿಗದ ಊರಿನ ಮೂವತ್ತು ಮಕ್ಕಳಿಗೆ ಇದನ್ನೆಲ್ಲ ಮಾಡುವಷ್ಟರಲ್ಲಿ ಟೀಚರಿಗೆ ಸಾಕಾಗಿ ಹೋಗುತ್ತದೆ. ಈಗ ಪಾಠ ಮಾಡುತ್ತಿರುವ ನನ್ನ ಗೆಳತಿಯೊಬ್ಬರು ಹೋದ ವರ್ಷ ಪ್ರಯತ್ನಿಸಿ ಕೈಬಿಟ್ಟರು. ಆ ಮಕ್ಕಳು ಕೊನೆಗೆ ಹೋಗಿದ್ದು ಒಂದು ಅಮ್ಯೂಸ್‌ಮೆಂಟ್ ಪಾರ್ಕಿಗೆ. ಮಕ್ಕಳಿಗೆ ಅದೂ ಬೇಕು, ನಾನು ಬೇಡ ಅನ್ನುವುದಿಲ್ಲ. ಆದರೆ ಕಣ್ಣೆದುರಿನ ಬೆಟ್ಟವೂ ಬೇಕಲ್ವಾ?

ಹಾಗಾಗಿ ನಿಮ್ಮ ಪತ್ರಿಕೆಯ ಮೂಲಕ ಅರಣ್ಯ ಇಲಾಖೆ ಮತ್ತು ಶಿಕ್ಷಣ ಇಲಾಖೆಯಲ್ಲಿ ಕೇಳಿಕೊಳ್ಳುತ್ತೇನೆ. ಪ್ರತಿ ಚಾರಣದ ದಾರಿಯಲ್ಲೂ ನವೆಂಬರ್‌ನಿಂದ ಜನವರಿಯವರೆಗೆ ವಾರದ ಒಂದು ದಿನ, ಅದೂ ಜನ ಕಮ್ಮಿ ಇರುವ ಮಂಗಳವಾರವೋ ಬುಧವಾರವೋ, ಆ ತಾಲ್ಲೂಕಿನ ಸರ್ಕಾರಿ ಶಾಲೆಯ ಮಕ್ಕಳಿಗೆ ನಲವತ್ತು ಜಾಗ ಮೀಸಲಿಡಿ. ದುಡ್ಡು ತೆಗೆದುಕೊಳ್ಳಬೇಡಿ. ಮುಖ್ಯ ಶಿಕ್ಷಕರು ಕಾಗದದ ಮೇಲೆ ಬರೆದು ಕೊಟ್ಟ ಪಟ್ಟಿಗೆ ವಲಯ ಕಚೇರಿಯಲ್ಲೇ ಸಹಿ ಸಿಗಲಿ. ಜೊತೆಗೆ ಒಬ್ಬ ಅರಣ್ಯ ವಾಚರ್ ನಡೆಯಲಿ. ಮರದ ಹೆಸರು, ಹಕ್ಕಿಯ ಕೂಗು, ಕಾಟಿಯ (ಕಾಡುಕೋಣದ) ಹೆಜ್ಜೆ ಅವರಿಗೆ ಗೊತ್ತಿರುವಷ್ಟು ನಮ್ಮ ಪಠ್ಯಪುಸ್ತಕಕ್ಕೆ ಗೊತ್ತಿಲ್ಲ. ಈ ಪ್ರವಾಸವನ್ನೂ ಶೈಕ್ಷಣಿಕ ಪ್ರವಾಸದ ಲೆಕ್ಕಕ್ಕೆ ಸೇರಿಸಿದರೆ ಶಿಕ್ಷಕರಿಗೂ ಧೈರ್ಯ ಬರುತ್ತದೆ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಕಡ್ಡಾಯ ಮಾಡಿ, ಅದನ್ನು ನಾನು ಅನುಭವದಿಂದಲೇ ಹೇಳುತ್ತಿದ್ದೇನೆ.

ಚಾರಣಕ್ಕೆ ಬರುವ ದೂರದ ಓದುಗರಲ್ಲೂ ಒಂದು ಮಾತು. ನೀವು ಹತ್ತುವಾಗ ದಾರಿಯಲ್ಲಿ ಶಾಲೆ ಮಕ್ಕಳ ತಂಡ ಸಿಕ್ಕರೆ ದಯವಿಟ್ಟು ಸ್ವಲ್ಪ ನಿಂತು ಅವರನ್ನು ಮುಂದೆ ಬಿಡಿ. ಬಿಡುವಿದ್ದರೆ ಮಾತಾಡಿಸಿ. ಯಾವ ಹಣ್ಣು ತಿನ್ನಬಹುದು, ಯಾವ ಕಲ್ಲು ಜಾರುತ್ತದೆ ಅಂತ ಅವರು ನಿಮಗೆ ಹೇಳಿಕೊಡುತ್ತಾರೆ.

ಈ ವರ್ಷವೇ ಯಾವುದಾದರೂ ಶಾಲೆ ಹೊರಡುವುದಾದರೆ ಜೊತೆಗೆ ಬರಲು ನಾನು ತಯಾರಿದ್ದೇನೆ. ಡಿಸೆಂಬರ್ ಮೊದಲ ವಾರ ಒಳ್ಳೆಯದು. ಹಿಡ್ಲುಮನೆಯಲ್ಲಿ ನೀರು ಇನ್ನೂ ಜೋರಾಗಿರುತ್ತದೆ, ದಾರಿಯ ನೆಲ್ಲಿಮರಗಳಲ್ಲಿ ಕಾಯಿ ಬಿಟ್ಟಿರುತ್ತದೆ. ಬೆಳಿಗ್ಗೆ ಆರೂವರೆಗೆ ಹೊರಟರೆ ಮಧ್ಯಾಹ್ನದ ಬುತ್ತಿಯನ್ನು ಮೇಲೆ ಬಿಚ್ಚಬಹುದು.

ಇಂತಿ ತಮ್ಮ ಓದುಗಿ,
ನಿವೃತ್ತ ವಿಜ್ಞಾನ ಶಿಕ್ಷಕಿ,
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ